ರಾಯಚೂರಿನ ಮಗು ಯಾವ ಜಿಡಿಪಿಯ ಲೆಕ್ಕದಲ್ಲಿದೆ?

ಭಾರತ ಜಪಾನನ್ನು ಹಿಂದಿಕ್ಕಿ ಜಗತ್ತಿನ ನಾಲ್ಕನೇ ದೊಡ್ಡ ಆರ್ಥಿಕತೆಯಾಯಿತು ಎಂದು ನೀತಿ ಆಯೋಗದ ಮುಖ್ಯ ಕಾರ್ಯನಿರ್ವಹಣಾಧಿಕಾರಿ 2025ರ ಮೇ ತಿಂಗಳಲ್ಲಿ ಹೇಳಿದರು. ಕರ್ನಾಟಕ ಸರ್ಕಾರ ತನ್ನ ಪಾಲಿಗೆ ಒಂದು ಟ್ರಿಲಿಯನ್ ಡಾಲರ್ ಆರ್ಥಿಕತೆಯ ಗುರಿ ಇಟ್ಟುಕೊಂಡಿದೆ. ದಿಲ್ಲಿಯಲ್ಲಿ ಆಳುವವರಿಗೂ ಬೆಂಗಳೂರಿನಲ್ಲಿ ಆಳುವವರಿಗೂ ದಿನ ಬೆಳಗಾದರೆ ಜಗಳ. ಆದರೆ ಈ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಮೊದಲು ಜಿಡಿಪಿ ಬೆಳೆಯಲಿ, ಜನರ ಕ್ಷೇಮ ಅದರ ಬೆನ್ನಿಗೇ ಬರುತ್ತದೆ ಎನ್ನುತ್ತಾರೆ. ಆರೋಗ್ಯ, ಪೌಷ್ಟಿಕತೆ, ನೀರು, ಗಾಳಿ, ಬಿಡುವು, ನೆಮ್ಮದಿ ಇವನ್ನೆಲ್ಲ ಅಳೆದು ಅದರ ಮೇಲೆ ನೀತಿ ಕಟ್ಟುವುದು ಶ್ರೀಮಂತ ದೇಶಗಳ ಶೋಕಿ ಎಂದು ತಜ್ಞರು ತಲೆದೂಗುತ್ತಾರೆ. ಪತ್ರಿಕೆಗಳು ಅದನ್ನೇ ಅಚ್ಚು ಹಾಕುತ್ತವೆ. ಓದಿದವರು ಅದನ್ನೇ ವಿವೇಕ ಎಂದು ನಂಬಿದ್ದಾರೆ.

ಈ ನಂಬಿಕೆ ಸುಳ್ಳು, ಅಪಾಯಕಾರಿ ಕೂಡ. ಇದರಿಂದ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತಿದೆ, ನೆಲ ಬರಿದಾಗುತ್ತಿದೆ, ಕೋಟ್ಯಂತರ ಹೆಂಗಸರ ದುಡಿಮೆ ಕಡತದಿಂದಲೇ ಮಾಯವಾಗಿದೆ. ಇಷ್ಟೆಲ್ಲ ಗೊತ್ತಿದ್ದೂ ಇದನ್ನು ಅರ್ಥಶಾಸ್ತ್ರ ಎಂದು ಒಪ್ಪಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ರಾಯಚೂರನ್ನು ನೋಡಿ. ದೇಶದ ಚಿನ್ನದ ಉತ್ಪಾದನೆಯಲ್ಲಿ ದೊಡ್ಡ ಪಾಲು ಕೊಡುವ ಹಟ್ಟಿ ಗಣಿ ಇರುವುದು ಈ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ. ರಾಜ್ಯಕ್ಕೆ ದಶಕಗಳಿಂದ ಬೆಳಕು ಕೊಟ್ಟ 1,720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಇಲ್ಲಿನ ಶಕ್ತಿನಗರದಲ್ಲಿದೆ. ಸಿಂಧನೂರು, ಮಾನ್ವಿಯ ಗದ್ದೆಗಳ ಸೋನಾ ಮಸೂರಿ ಊರೂರಿಗೆ ಹೋಗುತ್ತದೆ. ಚಿನ್ನ, ಕರೆಂಟು, ಅಕ್ಕಿ ಮೂರೂ ರಾಜ್ಯದ ಒಟ್ಟು ಉತ್ಪನ್ನಕ್ಕೆ ಜಮೆಯಾದವು. ಆದರೆ ಕರ್ನಾಟಕ ಸರ್ಕಾರವೇ 2005ರಲ್ಲಿ ಪ್ರಕಟಿಸಿದ ಮಾನವ ಅಭಿವೃದ್ಧಿ ವರದಿಯಲ್ಲಿ ರಾಯಚೂರಿನ ಸ್ಥಾನ ಎಲ್ಲಿತ್ತು? ಆಗಿದ್ದ 27 ಜಿಲ್ಲೆಗಳಲ್ಲಿ 27ನೆಯದು. ಬೆಂಗಳೂರು ನಗರ ಜಿಲ್ಲೆಯ ಸೂಚ್ಯಂಕ 0.753, ರಾಯಚೂರಿನದು 0.547. ಹದಿಮೂರು ವರ್ಷ ಕಳೆದು 2018ರಲ್ಲಿ ನೀತಿ ಆಯೋಗ ದೇಶದ ಹಿಂದುಳಿದ ಜಿಲ್ಲೆಗಳನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ಮತ್ತೆ ರಾಯಚೂರು ಮತ್ತು ಯಾದಗಿರಿ. ಏಮ್ಸ್ ಆಸ್ಪತ್ರೆ ಬೇಕೆಂದು ಅಲ್ಲಿನ ಜನ 2022ರ ಮೇ ತಿಂಗಳಲ್ಲಿ ಧರಣಿ ಕೂತರು. ವರ್ಷ ಉರುಳಿದರೂ ಅದು ಮುಗಿಯಲಿಲ್ಲ. ಚಿನ್ನ ಕೊಟ್ಟ ನೆಲದ ಜನ ಒಂದು ಆಸ್ಪತ್ರೆಗಾಗಿ ಬೀದಿಯಲ್ಲಿ ಕೂರಬೇಕಾದರೆ, ಬೆನ್ನಿಗೇ ಬರುತ್ತದೆ ಎಂದ ಕ್ಷೇಮ ಎಲ್ಲಿ ಕಾಲು ಮುರಿದುಕೊಂಡು ಕೂತಿದೆ?

ಜಿಡಿಪಿ ನಾಶವನ್ನೇ ಗಳಿಕೆ ಎಂದು ಬರೆದುಕೊಳ್ಳುತ್ತದೆ ಎಂಬುದು ನನ್ನ ಮೊದಲ ಆರೋಪ. ಬಳ್ಳಾರಿಯ ಅದಿರಿನ ದಿನಗಳನ್ನು ನೆನೆಯಿರಿ. ಚೀನಾದ ಬೇಡಿಕೆ ಏರಿದ್ದೇ ತಡ, ಸಂಡೂರಿನ ಗುಡ್ಡಗಳು ಕರಗಿದವು. ಬೆಟ್ಟ ಸಾಲದೆ ರೈತರ ಪಟ್ಟಾ ಜಮೀನುಗಳನ್ನೂ ಅಗೆದು ಅದಿರು ತೆಗೆದರು. ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಹಗಲಿರುಳು ಸಾಲುಗಟ್ಟಿದವು. ದಾರಿ ಬದಿಯ ಮೆಕ್ಕೆಜೋಳದ ಗರಿ, ಮನೆಯ ಮಾಳಿಗೆ, ಒಣಹಾಕಿದ ಬಟ್ಟೆ, ಮುಚ್ಚಿಟ್ಟ ನೀರಿನ ಕೊಡದ ಕಂಠ ಎಲ್ಲದರ ಮೇಲೂ ಕೆಂಧೂಳು ಕೂತಿತು. ಮಕ್ಕಳು ಅದೇ ಗಾಳಿ ಉಸಿರಾಡುತ್ತ ಶಾಲೆಗೆ ನಡೆದರು. ಆ ವರ್ಷಗಳಲ್ಲಿ ರಾಜ್ಯದ ಉತ್ಪನ್ನದ ಲೆಕ್ಕದಲ್ಲಿ ಬಳ್ಳಾರಿ ಹೊಳೆಯುತ್ತಿತ್ತು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು.

ಅದಿರನ್ನು ಅಗೆದು ಮಾರಿದ್ದು ಉತ್ಪನ್ನವಾಯಿತು. ಧೂಳಿನಿಂದ ಬಂದ ಕೆಮ್ಮಿಗೆ ಖಾಸಗಿ ಆಸ್ಪತ್ರೆಗೆ ಕಟ್ಟಿದ ಬಿಲ್ಲೂ ಉತ್ಪನ್ನವಾಯಿತು. ನ್ಯಾಯಾಲಯದ ನಿರ್ದೇಶನದಂತೆ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸಾವಿರಾರು ಕೋಟಿ ರೂಪಾಯಿಯ ಯೋಜನೆ ಮಾಡಿದ್ದಾರೆ. ಆ ಖರ್ಚೂ ನಾಳೆ ಉತ್ಪನ್ನವೇ. ಬೆಟ್ಟ ಕಡಿದಾಗಲೂ ಕೂಡಿಸಿ, ಹಾಳಾದದ್ದನ್ನು ರಿಪೇರಿ ಮಾಡಿದಾಗಲೂ ಕೂಡಿಸುವ ಈ ಲೆಕ್ಕದಲ್ಲಿ ಕಳೆಯುವ ಚಿಹ್ನೆ ಎಲ್ಲಿದೆ? ಕಾರ್ಖಾನೆಯ ಯಂತ್ರ ಸವೆದರೆ ಸವಕಳಿ ಎಂದು ಕಳೆದು ನಿವ್ವಳ ಉತ್ಪನ್ನ ತೋರಿಸುವ ಲೆಕ್ಕಿಗರು, ಖಾಲಿಯಾದ ಬೆಟ್ಟಕ್ಕೆ, ಬತ್ತಿದ ಅಂತರ್ಜಲಕ್ಕೆ ಒಂದು ರೂಪಾಯಿಯ ಸವಕಳಿಯನ್ನೂ ಬರೆಯಲಿಲ್ಲ. 133 ಟಿಎಂಸಿ ನೀರು ಹಿಡಿಯಲೆಂದು ಕಟ್ಟಿದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಕಾಲುವೆಯ ಕೊನೆಯ ಭಾಗದ ರೈತನ ಗದ್ದೆಗೆ ನೀರು ಮುಟ್ಟದ ಆ ನಷ್ಟ ಯಾವ ತ್ರೈಮಾಸಿಕ ವರದಿಯಲ್ಲಿ ಬಂತು? ಮನೆಯ ಅಡಿಪಾಯದ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಮಾರಿ, ಈ ವರ್ಷ ಸಂಪಾದನೆ ಚೆನ್ನಾಗಿದೆ ಎಂದು ಬರೆದಿಡುವ ಯಜಮಾನನ ಕೈಗೆ ಯಾರಾದರೂ ಮನೆ ಒಪ್ಪಿಸುತ್ತಾರೆಯೇ?

ರಾಜಧಾನಿಯ ಕತೆ ಬೇರೆಯೇನಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆ 2017ರಲ್ಲಿ ಹೊತ್ತಿ ಉರಿಯಿತು. 2024ರ ಮಾರ್ಚಿನಲ್ಲಿ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಕೆರೆಯೂ ತೆರೆದ ಬಾವಿಯೂ ಪುಕ್ಕಟೆ ನೀರು ಕೊಡುತ್ತಿದ್ದಾಗ ಅದಕ್ಕೆ ಜಿಡಿಪಿಯಲ್ಲಿ ಬೆಲೆ ಇರಲಿಲ್ಲ. ಕೆರೆ ಸತ್ತು, ಕುಟುಂಬಗಳು ಸಾಲ ಮಾಡಿ ಟ್ಯಾಂಕರ್ ತರಿಸಿದಾಗ ಜಿಡಿಪಿ ಏರಿತು. ಟ್ರಾಫಿಕ್‌ನಲ್ಲಿ ಸುಟ್ಟ ಪೆಟ್ರೋಲು, ಹೊಗೆ ಕುಡಿದು ಕೊಂಡ ಇನ್‌ಹೇಲರು ಎಲ್ಲವೂ ಅಲ್ಲಿ ಬೆಳವಣಿಗೆ. ಇಂಥ ಅಳತೆಗೋಲು ಹಿಡಿದು ನಗರ ಕಟ್ಟಲು ಹೊರಟವರಿಗೆ ಕೆರೆ ಉಳಿಸುವ ಕಾರಣವಾದರೂ ಏನು?

ಎರಡನೆಯ ಆರೋಪ ಮನೆಯೊಳಗಿನದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಹೆಚ್ಚುಕಡಿಮೆ ಐದು ಗಂಟೆಯ ದುಡಿಮೆ. ಮಕ್ಕಳ, ಮುದುಕರ, ಕಾಯಿಲೆಯವರ ಆರೈಕೆಯ ಹೊತ್ತು ಇದರ ಮೇಲೆ ಬೇರೆ. ಇವೆಲ್ಲಕ್ಕೂ ಜಿಡಿಪಿಯಲ್ಲಿ ಸೊನ್ನೆ. ಹೊಲದಲ್ಲಿ ಬೆಳೆದು ಮನೆಯವರೇ ಉಣ್ಣುವ ಜೋಳ ಉತ್ಪನ್ನದ ಲೆಕ್ಕಕ್ಕೆ ಬರುತ್ತದೆ. ಆ ಜೋಳದ ಹಿಟ್ಟು ನಾದಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಕೈ ಲೆಕ್ಕಕ್ಕೆ ಬರುವುದಿಲ್ಲ. ಅದೇ ರೊಟ್ಟಿಯನ್ನು ಖಾನಾವಳಿಯಲ್ಲಿ ಬಡಿದರೆ ಬರುತ್ತದೆ.

ಇದು ಗೌರವಕ್ಕೆ ಸಂಬಂಧಿಸಿದ ತಕರಾರು ಮಾತ್ರವೇ ಆಗಿದ್ದರೆ ಸಹಿಸಬಹುದಿತ್ತೇನೋ. ಇದರಿಂದ ಹಣ ಹಂಚುವ ರೀತಿಯೇ ತಪ್ಪುತ್ತದೆ. ನರೇಗಾ ಕೂಲಿಕಾರರ ಮಕ್ಕಳಿಗೆಂದು ಕರ್ನಾಟಕ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯಿತು. ಒಂದು ಕೂಸಿನ ಮನೆ ಚೆನ್ನಾಗಿ ನಡೆದರೆ ತಾಯಿಗೆ ದಿನದಲ್ಲಿ ಕೆಲವು ಗಂಟೆಯಾದರೂ ಉಳಿಯುತ್ತದೆ, ಅಕ್ಕ ಶಾಲೆ ಬಿಡುವುದು ತಪ್ಪುತ್ತದೆ. ಉಳಿದ ಆ ಗಂಟೆಗಳಿಗೆ ಬೆಲೆಯೇ ಇಲ್ಲವೆಂದ ಮೇಲೆ, ಹಣಕಾಸು ಇಲಾಖೆಯ ಕಣ್ಣಿಗೆ ಕೂಸಿನ ಮನೆ ಬರೀ ಖರ್ಚು. ಕೈ ಬಿಗಿಯಾದ ವರ್ಷ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ. ಹೆಂಗಸಿನ ಹೊತ್ತಿಗೆ ಸೊನ್ನೆ ಬೆಲೆ ಕಟ್ಟಿದ ಸರ್ಕಾರ ಅವಳ ಹೊತ್ತನ್ನು ಉಳಿಸಲು ದುಡ್ಡು ಎಲ್ಲಿಂದ ಇಟ್ಟೀತು?

ಮೂರನೆಯದು, ಸರ್ಕಾರವೇ ಮಾಡುವ ಆರೈಕೆಯ ಕೆಲಸಕ್ಕೆ ಈ ಲೆಕ್ಕ ಕಟ್ಟುವ ಬೆಲೆ. ಮಾರಾಟವಾಗದ ಸರ್ಕಾರಿ ಸೇವೆಗೆ ಮಾರುಕಟ್ಟೆ ದರ ಇಲ್ಲವಾದ್ದರಿಂದ, ಅದಕ್ಕೆ ತಗುಲಿದ ವೆಚ್ಚವನ್ನೇ ಉತ್ಪನ್ನವೆಂದು ಹಿಡಿಯುತ್ತಾರೆ. ದೇವದುರ್ಗದ ಕಡೆ ಒಂದು ಅಂಗನವಾಡಿಯಲ್ಲಿ ತೂಕ ಹಾಕುವ ದಿನ ಹೋಗಿ ಕೂತು ನೋಡಿ. ಅಂಗನವಾಡಿ ಟೀಚರು ಅಳುವ ಮಗುವನ್ನು ರಮಿಸಿ ತಕ್ಕಡಿಗೆ ಏರಿಸುತ್ತಾರೆ. ತೋಳಿಗೆ ಪಟ್ಟಿ ಸುತ್ತುತ್ತಾರೆ. ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಪಟ್ಟಿ ಕೆಂಪು ತೋರಿಸುತ್ತದೆ. ಅಂದರೆ ಮಗುವಿನ ಜೀವಕ್ಕೆ ಅಪಾಯ. ತಾಯಿಗೆ ಬಿಡಿಸಿ ಹೇಳಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ, ಕೂಲಿ ತಪ್ಪುತ್ತದೆ ಎಂದು ಹಿಂಜರಿಯುವ ತಂದೆಯನ್ನು ಒಪ್ಪಿಸಿ, ಕೊನೆಗೆ ಮೊಬೈಲಿನಲ್ಲಿ ಎಲ್ಲವನ್ನೂ ತುಂಬುತ್ತಾರೆ. ಮಗು ಉಳಿಯುತ್ತದೆ. ಜಿಡಿಪಿಗೆ ಈ ಕೆಲಸದಿಂದ ಸೇರುವುದು ಆಕೆಗೆ ಕೊಡುವ ತಿಂಗಳ ಗೌರವಧನ ಎಷ್ಟೋ ಅಷ್ಟು. ಆಕೆಗೆ ಕಡಿಮೆ ಕೊಟ್ಟಷ್ಟೂ ಆಕೆಯ ಕೆಲಸ ದೇಶದ ಲೆಕ್ಕದಲ್ಲಿ ಕಿರಿದಾಗುತ್ತದೆ. ಗೌರವಧನ ಹೆಚ್ಚಿಸಿ ಎಂದು ಫ್ರೀಡಂ ಪಾರ್ಕಿಗೆ ಬಂದು ಚಳಿಯಲ್ಲಿ ಮಲಗುವ ಈ ಹೆಣ್ಣುಮಕ್ಕಳಿಗೆ ಸರ್ಕಾರ ಬೊಕ್ಕಸ ತೋರಿಸಿ ಕೈ ಚೆಲ್ಲುತ್ತದೆ. ಬದುಕಿ ಉಳಿದ ಮಗುವನ್ನು ಬರೆದುಕೊಳ್ಳುವ ಕಾಲಂ ಯಾವ ಬಜೆಟ್ ಪುಸ್ತಕದಲ್ಲಿದೆ?

ಇನ್ನು ಈ ನಂಬಿಕೆಯ ಬುಡಕ್ಕೇ ಬರೋಣ. ಬೆಳವಣಿಗೆ ಬಂದರೆ ಕ್ಷೇಮ ತಾನಾಗಿ ಬರುತ್ತದೆಯೇ? ತಲಾ ಆದಾಯದಲ್ಲಿ ಕರ್ನಾಟಕ ದೇಶದ ದೊಡ್ಡ ರಾಜ್ಯಗಳ ಮುಂಚೂಣಿಯಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳು 2015-16ರಲ್ಲಿ ರಾಜ್ಯದಲ್ಲಿ ಶೇ 36.2 ಇದ್ದರು, 2019-20ರ ಸಮೀಕ್ಷೆಯಲ್ಲಿ ಶೇ 35.4. ಸ್ಟಾರ್ಟ್‌ಅಪ್‌ಗಳ ರಾಜಧಾನಿ ಎಂದು ಜಗತ್ತೇ ಕೊಂಡಾಡಿದ ವರ್ಷಗಳಲ್ಲಿ ಮೂರರಲ್ಲಿ ಒಂದು ಮಗುವಿನ ಹಣೆಬರಹ ಒಂದು ಅಂಶದಷ್ಟೂ ಬದಲಾಗಲಿಲ್ಲ. ರಕ್ತಹೀನತೆ ಇರುವ ಮಕ್ಕಳ ಪ್ರಮಾಣ ಶೇ 60.9ರಿಂದ 65.5ಕ್ಕೆ ಏರಿತು. ನಮಗಿಂತ ಕಡಿಮೆ ತಲಾ ಆದಾಯದ ಕೇರಳದಲ್ಲಿ 2020ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಆರು ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸತ್ತವು. ಕರ್ನಾಟಕದಲ್ಲಿ ಹತ್ತೊಂಬತ್ತು. ನಡುವಿನ ಆ ಹದಿಮೂರು ಕೂಸುಗಳನ್ನು ಯಾವ ಬೆಳವಣಿಗೆ ದರ ಉಳಿಸಿತು? ಬೆಂಗಳೂರು ನಗರದ ತಲಾ ಆದಾಯ ಕಲಬುರಗಿಯದರ ಸುಮಾರು ಐದು ಪಟ್ಟು. ಇವೆರಡನ್ನೂ ಕಲಸಿ ಸರಾಸರಿ ತೆಗೆದು ಕನ್ನಡಿಗರು ಶ್ರೀಮಂತರಾದರು ಎಂದರೆ, ಆ ಸರಾಸರಿಯನ್ನು ಕಲಬುರಗಿಯವರು ಉಣ್ಣಬೇಕೇ?

ಯೋಗಕ್ಷೇಮವನ್ನು ಅಳೆಯಲಾಗದು, ಜಿಡಿಪಿ ಮಾತ್ರ ಗಟ್ಟಿ ಲೆಕ್ಕ ಎಂಬ ವಾದ ಇನ್ನೂ ಟೊಳ್ಳು. ದೇಶದ ದುಡಿಯುವ ಕೈಗಳಲ್ಲಿ ಬಹುಪಾಲು ಅಸಂಘಟಿತ ವಲಯದಲ್ಲಿವೆ. ಬೀದಿ ವ್ಯಾಪಾರಿ, ಬೀಡಿ ಕಟ್ಟುವವಳು, ಗಾರೆ ಕೆಲಸದವನು ಲೆಕ್ಕಪತ್ರ ಇಡುವುದಿಲ್ಲ. ಅವರ ಉತ್ಪನ್ನವನ್ನು ಹಳೆಯ ಸಮೀಕ್ಷೆಗಳಿಂದಲೂ ಸಂಘಟಿತ ವಲಯದ ಅಂಕಿಗಳ ಆಧಾರದಿಂದಲೂ ಅಂದಾಜು ಮಾಡುತ್ತ ಬಂದಿದ್ದಾರೆ. 2016ರ ನೋಟು ರದ್ದತಿಯ ಪೆಟ್ಟು ಮೊದಲು ಬಿದ್ದದ್ದು ಇವರ ಮೇಲೆ. ಆ ಪೆಟ್ಟನ್ನು ಜಿಡಿಪಿ ಸರಿಯಾಗಿ ತೋರಿಸಲಿಲ್ಲ ಎಂದು ಅರ್ಥಶಾಸ್ತ್ರಜ್ಞರೇ ಆಕ್ಷೇಪಿಸಿದರು. ಅಂದಾಜಿನ ಮೇಲೆ ನಿಂತ ಸಂಖ್ಯೆಯನ್ನು ಗಟ್ಟಿ ಎನ್ನುವವರಿಗೆ, ತಕ್ಕಡಿಯಲ್ಲಿ ತೂಗಿದ ಮಗುವಿನ ತೂಕ, ಬೆರಳು ಚುಚ್ಚಿ ನೋಡಿದ ರಕ್ತದ ಅಂಕಿ, ಕೊಳವೆಬಾವಿಯ ನೀರಿನ ಮಟ್ಟ ಹೇಗೆ ಅಸ್ಪಷ್ಟವಾಗಿ ಕಾಣುತ್ತವೆ?

ಅಳೆಯಲು ಬಾರದ ಕಷ್ಟ ಯಾರಿಗೂ ಇಲ್ಲ, ಇಲ್ಲದಿರುವುದು ಅಳೆಯುವ ಮನಸ್ಸು. ಮೂರು ತಿಂಗಳು ಮುಗಿದು ಎರಡು ತಿಂಗಳಾಗುವಷ್ಟರಲ್ಲಿ ಜಿಡಿಪಿ ಅಂಕಿ ಬರುತ್ತದೆ. ಮಕ್ಕಳ ಎತ್ತರ, ತೂಕ, ರಕ್ತದ ಸಮೀಕ್ಷೆಗೆ ನಾಲ್ಕೈದು ವರ್ಷ ಕಾಯಬೇಕು. 2021ರಲ್ಲಿ ಆಗಬೇಕಿದ್ದ ಜನಗಣತಿಗೆ 2027ರ ಮಾರ್ಚ್ 1 ನಿಗದಿಯಾಯಿತು. ಜನ ಏನು ಉಣ್ಣುತ್ತಾರೆ, ಏನು ಕೊಳ್ಳುತ್ತಾರೆ ಎಂದು ಹೇಳುವ 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ಕೇಂದ್ರ ಸರ್ಕಾರ ಪ್ರಕಟಿಸಲೇ ಇಲ್ಲ. ಹಣದ ಲೆಕ್ಕ ತಿಂಗಳಲ್ಲಿ, ಹಸಿವಿನ ಲೆಕ್ಕ ದಶಕದಲ್ಲಿ ಬರುವ ನಾಡಿನಲ್ಲಿ ಮಂತ್ರಿಗಳು ಯಾವುದಕ್ಕೆ ಹೆದರಿಯಾರು?

ಜನರ ಕ್ಷೇಮವನ್ನು ಅಳೆಯುವುದು ಪರದೇಶದವರ ತಲೆಹರಟೆ ಎನ್ನುವವರಿಗೆ ನಮ್ಮದೇ ಚರಿತ್ರೆ ಗೊತ್ತಿಲ್ಲ. ಭಾರತೀಯರ ತಲಾ ಆದಾಯವನ್ನು ಮೊದಲು ಲೆಕ್ಕ ಹಾಕಿದ ದಾದಾಭಾಯಿ ನವರೋಜಿ ಸುಮ್ಮನೆ ಸಂಖ್ಯೆ ಹೇಳಿ ಕೂರಲಿಲ್ಲ. 1867-68ಕ್ಕೆ ತಲೆಗೆ 20 ರೂಪಾಯಿ ಎಂದು ತೋರಿಸಿ, ಅದನ್ನು ಜೈಲಿನ ಕೈದಿಯ ಊಟ, ಬಟ್ಟೆಗೆ ಆಗುವ ಖರ್ಚಿನ ಪಕ್ಕದಲ್ಲಿಟ್ಟರು. ಸೆರೆಯಲ್ಲಿರುವವನಿಗೆ ಸಿಗುವಷ್ಟೂ ಹೊರಗಿನ ರೈತನಿಗೆ ಇಲ್ಲ ಎಂದು ಬ್ರಿಟಿಷರ ಮುಖಕ್ಕೆ ಹಿಡಿದರು. ಈ ದೇಶದಲ್ಲಿ ರಾಷ್ಟ್ರೀಯ ಆದಾಯದ ಲೆಕ್ಕ ಹುಟ್ಟಿದ್ದೇ ಬಡವನ ತಟ್ಟೆಯಲ್ಲಿ ಏನಿದೆ ಎಂದು ಕೇಳಲು. ಆ ಲೆಕ್ಕವನ್ನು ವೈಜ್ಞಾನಿಕವಾಗಿ ಬೆಳೆಸಿದ ವಿ.ಕೆ.ಆರ್.ವಿ. ರಾವ್ ಮುಂದೆ ಲೋಕಸಭೆಗೆ ಆರಿಸಿ ಹೋದದ್ದು ಬಳ್ಳಾರಿಯಿಂದ. ಅವರು ಪ್ರತಿನಿಧಿಸಿದ ನೆಲವನ್ನೇ ಕೊರೆದು ಖಾಲಿ ಮಾಡಿ ಅದನ್ನು ರಾಷ್ಟ್ರೀಯ ಆದಾಯ ಎಂದು ಬರೆದುಕೊಂಡೆವು. ಅಮೆರಿಕದಲ್ಲಿ ಈ ಲೆಕ್ಕವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ ಕೂಡ, ದೇಶದ ಆದಾಯದಿಂದ ದೇಶದ ಕ್ಷೇಮವನ್ನು ಅಳೆಯಲು ಹೋಗಬೇಡಿ ಎಂದು 1934ರಲ್ಲೇ ಅಲ್ಲಿನ ಸಂಸತ್ತಿಗೆ ಎಚ್ಚರಿಕೆ ಕೊಟ್ಟಿದ್ದರು.

ಎಚ್ಚರಿಕೆಗಳಿಗೆ ಇಲ್ಲೂ ಬರವಿರಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕು ಮಟ್ಟಕ್ಕೆ ಇಳಿದು, 35 ಸೂಚಕಗಳನ್ನು ಹಿಡಿದು ಕರ್ನಾಟಕವನ್ನು ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಸಮೇತ ಬರೆದುಕೊಟ್ಟಿತು. ಎಂಟು ವರ್ಷಗಳ ವಿಶೇಷ ಯೋಜನೆ ಹಾಕಿಕೊಟ್ಟಿತು. ಎರಡು ದಶಕ ದಾಟಿದ ಮೇಲೆ, ಪ್ರಾದೇಶಿಕ ಅಸಮತೋಲನ ಎಷ್ಟು ಉಳಿದಿದೆ ಎಂದು ನೋಡಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೊಂದು ಸಮಿತಿ ಮಾಡಬೇಕಾಯಿತು. ಪ್ರಕೃತಿಯ ಸವಕಳಿಯನ್ನು ರಾಷ್ಟ್ರೀಯ ಲೆಕ್ಕಕ್ಕೆ ತರುವ ಚೌಕಟ್ಟನ್ನು ಪಾರ್ಥ ದಾಸಗುಪ್ತ ಸಮಿತಿ 2013ರಲ್ಲೇ ಕೇಂದ್ರಕ್ಕೆ ಕೊಟ್ಟಿತ್ತು. ಜಿಡಿಪಿಯ ಘೋಷಣೆಗಳ ಗದ್ದಲದಲ್ಲಿ ಅದರ ಹೆಸರನ್ನಾದರೂ ಯಾರು ಕೇಳಿದ್ದಾರೆ? ನೀತಿ ಆಯೋಗ ಸುಸ್ಥಿರ ಅಭಿವೃದ್ಧಿ ಸೂಚ್ಯಂಕ, ಬಹು ಆಯಾಮದ ಬಡತನ ಸೂಚ್ಯಂಕ ಎಂದು ರ‍್ಯಾಂಕಿಂಗ್‌ಗಳನ್ನು ಹೊರಡಿಸುತ್ತದೆ. ರ‍್ಯಾಂಕ್ ಕುಸಿದ ಕಾರಣಕ್ಕೆ ಯಾವ ಇಲಾಖೆಯ ಅನುದಾನ ಬದಲಾಗಿದೆ, ಯಾವ ಮಂತ್ರಿ ಸದನದಲ್ಲಿ ಉತ್ತರ ಕೊಟ್ಟಿದ್ದಾರೆ? ಹಣಕ್ಕೂ ಹೊಣೆಗೂ ಗಂಟು ಹಾಕದ ಅಳತೆ ಕಪಾಟಿನ ಅಲಂಕಾರ.

ಗಂಟು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ನಮ್ಮ ಶಾಲೆಗಳಲ್ಲೇ ಇದೆ. ಅಪೌಷ್ಟಿಕತೆಯ ಅಂಕಿಗಳನ್ನು ಮುಂದಿಟ್ಟುಕೊಂಡು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರು. ಕೆಲವು ಮಠಾಧೀಶರಿಂದ ವಿರೋಧ ಬಂತು. ಅಂಕಿ ಕೈಯಲ್ಲಿತ್ತು, ಮೊಟ್ಟೆ ಉಳಿಯಿತು, ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. ಒಂದು ಮೊಟ್ಟೆಯ ಹಿಂದೆ ಕೆಲಸ ಮಾಡಿದ್ದು ಮಕ್ಕಳ ದೇಹದ ಅಳತೆ. ಆ ನಿರ್ಧಾರವನ್ನು ಬೆಳವಣಿಗೆ ದರದ ಕೈಗೆ ಕೊಟ್ಟಿದ್ದರೆ ಇಂದಿಗೂ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಿರುತ್ತಿತ್ತು.

ಹೊರಗಿನವರು ಇದನ್ನು ಕಾನೂನಾಗಿಯೇ ಮಾಡಿದ್ದಾರೆ. ಭೂತಾನ್ 2008ರ ತನ್ನ ಸಂವಿಧಾನದಲ್ಲಿ ಒಟ್ಟು ರಾಷ್ಟ್ರೀಯ ಸಂತೋಷವನ್ನು ಸರ್ಕಾರದ ಹೊಣೆ ಎಂದು ಬರೆದುಕೊಂಡಿತು. ಮುಂದಿನ ಪೀಳಿಗೆಗಳ ಯೋಗಕ್ಷೇಮಕ್ಕೆಂದು 2015ರಲ್ಲಿ ಕಾಯ್ದೆ ತಂದ ವೇಲ್ಸ್, ನ್ಯೂಪೋರ್ಟ್ ಬಳಿಯ ದೊಡ್ಡ ಹೆದ್ದಾರಿ ಯೋಜನೆಯನ್ನು ವೆಚ್ಚ ಮತ್ತು ಪರಿಸರದ ಕಾರಣಕ್ಕೆ 2019ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸಾವಿರಾರು ಕೋಟಿಯ ಸುರಂಗ ರಸ್ತೆ ಎಂದಾಗ, ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಅದರಿಂದ ದಿನಕ್ಕೆ ಎಷ್ಟು ನಿಮಿಷ ಉಳಿಯುತ್ತದೆ ಎಂದು ಲೆಕ್ಕ ಹಾಕಲು ಯಾವ ಕಾನೂನು ಸರ್ಕಾರವನ್ನು ಕಟ್ಟಿಹಾಕುತ್ತದೆ? ಕಾಂಕ್ರೀಟು ಹೂಡಿಕೆ, ಮೊಟ್ಟೆ ವೆಚ್ಚ ಎಂಬ ಈ ವಿಂಗಡಣೆಯನ್ನು ಬರೆದವರು ಯಾರು, ಯಾರ ಅನುಕೂಲಕ್ಕೆ?

ಇನ್ನು ಸಹಿಸುವುದು ಬೇಡ. ವಿಧಾನಸಭೆ ಒಂದು ಯೋಗಕ್ಷೇಮ ಕಾಯ್ದೆ ಮಾಡಲಿ. ಬಜೆಟ್ ಮಂಡಿಸುವ ದಿನವೇ, ಅದೇ ಮೇಜಿನ ಮೇಲೆ, ತಾಲ್ಲೂಕುವಾರು ಲೆಕ್ಕ ಬರಲಿ. ಮಕ್ಕಳ ಎತ್ತರ ಮತ್ತು ರಕ್ತದ ಮಟ್ಟ, ಐದನೇ ತರಗತಿಯ ಮಗು ಓದಬಲ್ಲುದೇ ಎಂಬ ಅಂಕಿ, ಅಂತರ್ಜಲದ ಆಳ, ಆಸ್ಪತ್ರೆಗೆ ಜನ ಜೇಬಿನಿಂದ ಕೊಟ್ಟ ಹಣ, ಹೆಂಗಸರ ಸಂಬಳವಿಲ್ಲದ ಗಂಟೆಗಳು ಎಲ್ಲವೂ ಅದರಲ್ಲಿರಲಿ. ರಾಜ್ಯದ ಉತ್ಪನ್ನದ ಪಕ್ಕದಲ್ಲೇ ಕಳೆದುಕೊಂಡ ಅದಿರು, ಕಾಡು, ನೀರಿನ ಮೌಲ್ಯ ಕಳೆದು ಉಳಿದ ನಿವ್ವಳ ಮೊತ್ತವನ್ನು ಅಚ್ಚು ಹಾಕಲಿ. ಸಂಪನ್ಮೂಲದ ಸವಕಳಿಯನ್ನು ಉತ್ಪಾದನಾ ವೆಚ್ಚವೆಂದು ಕಳೆಯಬೇಕು ಎಂದು 2025ರಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಹೊಸ ಲೆಕ್ಕ ಪದ್ಧತಿಯೇ ಹೇಳುತ್ತಿರುವಾಗ ಕಾಯುವುದು ಯಾರಿಗಾಗಿ? ಅತ್ಯಂತ ಹಿಂದುಳಿದ ತಾಲ್ಲೂಕುಗಳ ಕೊರತೆ ಎಷ್ಟೋ ಅನುದಾನ ಅಷ್ಟು ಎಂದು ಕಾನೂನೇ ನಿಗದಿ ಮಾಡಲಿ. ಅಂಕಿಅಂಶದ ಸಂಸ್ಥೆ ಮಂತ್ರಿಯ ಕೈಕೆಳಗೆ ಬೇಡ, ಶಾಸನಸಭೆಗೆ ಉತ್ತರದಾಯಿಯಾಗಿರಲಿ. ಸಮೀಕ್ಷೆಯನ್ನು ಬಚ್ಚಿಡುವುದು ಶಿಕ್ಷಾರ್ಹ ಅಪರಾಧವಾಗಲಿ.

ಮತ ಕೇಳಲು ಬಂದವರು ರಾಜ್ಯದ ಬೆಳವಣಿಗೆ ದರ ಹೇಳಿದರೆ, ನಿಮ್ಮ ಕ್ಷೇತ್ರದ ಎಷ್ಟು ಮಕ್ಕಳ ತೋಳಿನ ಪಟ್ಟಿ ಕೆಂಪು ತೋರಿಸುತ್ತಿದೆ ಎಂದು ತಿರುಗಿ ಕೇಳಿ. ಗೊತ್ತಿಲ್ಲ ಎಂದವರಿಗೆ ಮತ ಕೊಡಬೇಡಿ. ಜಿಡಿಪಿಯನ್ನು ಮುಖಪುಟದಲ್ಲಿ ಹಾಕುವ ಪತ್ರಿಕೆ ಶಿಶುಮರಣದ ಅಂಕಿಯನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಲಿ. ಸರ್ಕಾರ ಯಾವುದನ್ನು ಅಳೆದು ಅದಕ್ಕೆ ತಲೆಬಾಗುತ್ತದೋ ಅದಕ್ಕಾಗಿಯೇ ಆಳುತ್ತದೆ. ಎಪ್ಪತ್ತೈದು ವರ್ಷ ಅದು ಹಣಕ್ಕೆ ತಲೆಬಾಗಿದ್ದು ಸಾಕು. ಇನ್ನು ಜನಕ್ಕೆ ತಲೆಬಾಗಲಿ, ಅದನ್ನು ಕಾನೂನಿನಲ್ಲಿ ಬರೆಸುವವರೆಗೆ ಯಾವ ಮುಖ್ಯಮಂತ್ರಿಯನ್ನೂ, ಯಾವ ಪ್ರಧಾನಿಯನ್ನೂ ನೆಮ್ಮದಿಯಿಂದ ಬಜೆಟ್ ಓದಲು ಬಿಡದಿರೋಣ.